ಕವಚವನ್ನು ಕಳಚುವ ವಿದ್ಯೆ

ಸಾರ್ವಜನಿಕ ಆರೋಗ್ಯದ ಕಾರ್ಯಕ್ಕೆ ಹೊಸದಾಗಿ ಕಾಲಿರಿಸಿರುವ ತರುಣ ವೈದ್ಯರನ್ನೂ ದಾದಿಯರನ್ನೂ ಕ್ಷೇತ್ರಕಾರ್ಯಕರ್ತರನ್ನೂ ಆರಿಸಿ, ಒಂದೆರಡು ವರ್ಷಗಳ ಕಾಲ ಅನುಭವಸ್ಥರ ಒಡನಾಟದಲ್ಲಿರಿಸಿ, ಮುಂದೆ ಒಂದು ತಾಲ್ಲೂಕಿನ ಅಥವಾ ಜಿಲ್ಲೆಯ ಆರೋಗ್ಯಭಾರವನ್ನು ಹೊರತಕ್ಕ ನಾಯಕತ್ವಕ್ಕೆ ಅವರನ್ನು ಅಣಿಗೊಳಿಸುವ ಫೆಲೋಶಿಪ್ಪುಗಳು ಈಗ ನಮ್ಮ ದೇಶದಲ್ಲಿಯೂ ಹೊರಗೂ ಹಲವು ಉಂಟು. ಅವುಗಳಿಗೆ ಅರ್ಜಿ ಬರೆಯಲು ಕುಳಿತ ತರುಣರಲ್ಲಿ ಅಂತಃಕರಣವುಳ್ಳವರಿಗೆ ಒಂದು ಶಂಕೆ ಬಾರದಿರದು. ತಾನು ಬಂದದ್ದು ರೋಗಿಯ ಸೇವೆಗೆ. ಈಗ ಬಯಸುತ್ತಿರುವುದು ಮುಂದಾಳಿನ ಸ್ಥಾನ. ಸೇವಕನಾಗಬೇಕೆಂದು ಹೊರಟವನು ನಾಯಕನಾಗಲು ಇಚ್ಛಿಸುವುದು ಧರ್ಮವೆ, ಅಥವಾ ಅಹಂಕಾರವು ಸೇವೆಯ ವೇಷದಲ್ಲಿ ಒಳಹೊಗುವ ಮಾರ್ಗವೆ? ಈ ಪ್ರಶ್ನೆ ಉದ್ಯೋಗಕ್ಕೆ ಸಂಬಂಧಿಸಿದುದೆಂದು ತೋರಿದರೂ ನಿಜವಾಗಿ ಅಧ್ಯಾತ್ಮದ್ದು. ಮತ್ತು ಬಹು ಹಳೆಯದು.

ಅದನ್ನು ಕುರಿತು ಯೋಚಿಸುವುದಕ್ಕೆ ದೌಲತಾಬಾದಿಗಿಂತ ಉಚಿತವಾದ ಸ್ಥಳ ನನಗೆ ತೋರದು. ಕನ್ನಡಿಗರಾದ ನಮಗೆ ಅದು ಪರಸ್ಥಳವಲ್ಲ. ದೇವಗಿರಿಯೆಂಬ ಹೆಸರಿನಿಂದ ಅದು ಸೇವುಣರ ರಾಜಧಾನಿಯಾಗಿದ್ದಾಗ ಆ ಅರಸರು ಬರೆಯಿಸಿದ ಕನ್ನಡ ಶಾಸನಗಳು ವಿಪುಲವಾಗಿವೆ. ಈಚೆಗೆ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ, ಬೀದರ ಕಲಬುರಗಿ ರಾಯಚೂರುಗಳೂ ದೌಲತಾಬಾದಿರುವ ಔರಂಗಾಬಾದೂ ಹೈದರಾಬಾದೆಂಬ ಒಂದೇ ಸಂಸ್ಥಾನದ ಒಳಗಿದ್ದುವು. ಆದರೆ ಆ ಊರಿನ ಹೆಸರೆತ್ತಿದೊಡನೆ ನಮ್ಮ ಓದುಗರ ಮನಸ್ಸಿಗೆ ಬರುವವನು ಮಹಮ್ಮದ್ ಬಿನ್ ತುಘಲಕ್. ಗಿರೀಶ ಕಾರ್ನಾಡರ 1964ರ ನಾಟಕ ಅವನನ್ನು ನಮ್ಮವನನ್ನಾಗಿ ಮಾಡಿಬಿಟ್ಟಿದೆ. ವಿದ್ವಾಂಸನಾಗಿದ್ದ, ದೂರದ ಆಲೋಚನೆಯುಳ್ಳವನಾಗಿದ್ದ ಆ ಸುಲ್ತಾನನು 1327ರಲ್ಲಿ ದೆಹಲಿಯ ಜನರನ್ನು ಇಲ್ಲಿಗೆ ನಡೆಸಿದನು. ಅವನ ನಕ್ಷೆಯಲ್ಲಿ ದೋಷವಿದ್ದಿತೋ ಇಲ್ಲವೋ ಇತಿಹಾಸಜ್ಞರು ಹೇಳಲಿ. ನಡೆಯಬೇಕಾದವರ ಕಾಲುಗಳನ್ನು ಅವನು ಕೇಳಲಿಲ್ಲವೆಂಬುದಂತೂ ಸ್ಪಷ್ಟ. ಆರೋಗ್ಯದ ಯೋಜನೆಗಳಲ್ಲಿ ಇಂದಿಗೂ ಈ ಬಗೆಯ ನಾಯಕತ್ವ ಅಪರೂಪವೇನಲ್ಲ.

ನಾನು ಹೇಳಹೊರಟಿರುವುದು ಸುಲ್ತಾನನ ಕಥೆಯನ್ನಲ್ಲ. ಅವನಿಂದ ಸುಮಾರು ಎರಡು ಶತಮಾನಗಳ ಅನಂತರ, ನಿಜಾಮಶಾಹಿಯ ಆಳ್ವಿಕೆಯಲ್ಲಿ, ಇದೇ ದುರ್ಗದ ಕಿಲ್ಲೇದಾರರಾಗಿದ್ದವರು ಜನಾರ್ದನಸ್ವಾಮಿಗಳು. ಮುಸಲ್ಮಾನ ಪ್ರಭುವಿನ ಸೇವೆಯಲ್ಲಿದ್ದ ದತ್ತಾತ್ರೇಯಭಕ್ತರು. ಹಗಲು ಕೋಟೆಯ ಕಾವಲು ಕಂದಾಯಗಳನ್ನು ನೋಡಿ, ಉಳಿದ ಹೊತ್ತಿನಲ್ಲಿ ಧ್ಯಾನಕ್ಕೆ ಕುಳಿತುಕೊಳ್ಳುತ್ತಿದ್ದವರು. ಅವರನ್ನು ಹುಡುಕಿಕೊಂಡು ಗೋದಾವರಿಯ ತಡಿಯ ಪೈಠಣದಿಂದ ಬಾಲಕನೊಬ್ಬನು ಬಂದನು. ಹಂಪೆಗೆ ಹೋಗಿದ್ದ ವಿಠ್ಠಲಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದವರೆಂದು ಪ್ರತೀತಿಯುಳ್ಳ ಭಾನುದಾಸರ ವಂಶದವನು ಆತ. ಮುಂದೆ ಸಂತ ಏಕನಾಥರೆನಿಸಿದವನು. ಗುರುವು ಅವನಿಗೆ ಮೊದಲು ಕೊಟ್ಟದ್ದು ಮಂತ್ರವನ್ನಲ್ಲ, ಲೆಕ್ಕದ ಪುಸ್ತಕವನ್ನು.

ಭಕ್ತರು ಹೇಳಿಕೊಂಡು ಬಂದಿರುವ ಕಥೆಗಳಲ್ಲಿ ಎರಡು ಇಲ್ಲಿಗೆ ಸಲ್ಲುತ್ತವೆ. ಒಂದು ಸಾರಿ ಜನಾರ್ದನಸ್ವಾಮಿಗಳು ಸಮಾಧಿಸ್ಥರಾಗಿದ್ದಾಗ ಶತ್ರುಗಳು ಕೋಟೆಯ ಮೇಲೆ ಬಂದರಂತೆ. ಗುರುವನ್ನು ಎಬ್ಬಿಸುವುದು ತರವಲ್ಲ, ಕೋಟೆಯನ್ನು ಬಿಟ್ಟುಕೊಡುವುದೂ ತರವಲ್ಲ. ಏಕನಾಥನು ಗುರುವಿನ ಕವಚವನ್ನು ತಾನು ತೊಟ್ಟು, ಅವರ ಕುದುರೆಯನ್ನೇರಿ, ಸೈನ್ಯದ ಮುಂದೆ ನಿಂತು ಹೋರಾಡಿ, ಬಂದವರನ್ನು ಹಿಂದಟ್ಟಿ, ಮರಳಿ ಬಂದು ಕವಚವನ್ನು ಇದ್ದ ಸ್ಥಳದಲ್ಲಿಯೇ ಇರಿಸಿ ಎಂದಿನ ಕೆಲಸಕ್ಕೆ ಕುಳಿತನು. ನಡೆದುದನ್ನು ಗುರುವಿಗೆ ಹೇಳಲೂ ಇಲ್ಲ. ಇನ್ನೊಂದು ಕಥೆ ಪ್ರಸಿದ್ಧವಾದುದು: ಲೆಕ್ಕದಲ್ಲಿ ಒಂದು ಕಾಸಿನ ವ್ಯತ್ಯಾಸ ಬಂದು, ಅದನ್ನು ಅರಸುತ್ತ ರಾತ್ರಿಯನ್ನೆಲ್ಲ ದೀಪದೆದುರು ಕಳೆದು, ಕೊನೆಗೆ ತಪ್ಪು ಸಿಕ್ಕಿದಾಗ ಆನಂದದಿಂದ ಚಪ್ಪಾಳೆ ತಟ್ಟಿದನೆಂದೂ, ಇಷ್ಟು ಏಕಾಗ್ರತೆ ಭಗವಂತನಲ್ಲಿ ನೆಟ್ಟರೆ ಏನು ತಾನೆ ಅಸಾಧ್ಯವೆಂದು ಗುರುವು ಉದ್ಗರಿಸಿ ಅವನನ್ನು ಸಮೀಪದ ಶೂಲಿಭಂಜನ ಗಿರಿಗೆ ತಪಸ್ಸಿಗೆ ಕಳುಹಿಸಿದರೆಂದೂ ಹೇಳುತ್ತಾರೆ.

ಕವಚದ ಕಥೆಯಲ್ಲಿ ನಮ್ಮ ತರುಣರ ಶಂಕೆಗೆ ಪರಿಹಾರದ ಬಹುಭಾಗವಿದೆಯೆಂದು ನಾನು ನಂಬುತ್ತೇನೆ. ಏಕನಾಥನು ವಿನಯದ ಹೆಸರಿನಲ್ಲಿ ಹಿಂಜರಿಯಲಿಲ್ಲ. ಕೋಟೆಗೆ ಕೇಡು ಬಂದ ಗಳಿಗೆಯಲ್ಲಿ ತಾನು ಕೇವಲ ಕರಣಿಕನೆಂದು ಮೂಲೆಯಲ್ಲಿ ಕುಳಿತಿದ್ದರೆ ಅದು ವಿನಯವೆನಿಸದೆ ಪರರ ಪ್ರಾಣದ ವಿಷಯದಲ್ಲಿ ತೋರಿದ ಔದಾಸೀನ್ಯವೆನಿಸುತ್ತಿತ್ತು. ಸಾಂಕ್ರಾಮಿಕ ರೋಗ ಹಬ್ಬುತ್ತಿರುವಾಗ ಆಜ್ಞೆ ಕೊಡತಕ್ಕವನು ಆಜ್ಞೆ ಕೊಡದೆ ಕೈಕಟ್ಟಿ ನಿಂತರೆ, ಆ ಸ್ಥಾನವನ್ನು ಅವನಿಗಿಂತ ಕಡಮೆ ಕರುಣೆಯುಳ್ಳವನು ಆಕ್ರಮಿಸುತ್ತಾನೆ. ಗೀತೆಯ ಮೂರನೆಯ ಅಧ್ಯಾಯ ಜನಕನನ್ನು ಮುಂದಿಟ್ಟು ಲೋಕಸಂಗ್ರಹವನ್ನು ಬೋಧಿಸುವುದು ಈ ಕಾರಣದಿಂದಲೇ. ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಬೀಗದಕೈಯನ್ನು ಹಿಡಿದದ್ದರಿಂದಲೂ ಅವರ ಭಕ್ತಿಗೆ ಊನವಾಗಲಿಲ್ಲ.

ಆದರೆ ಆ ಕಥೆಯ ತಿರುಳು ಕವಚವನ್ನು ತೊಟ್ಟದ್ದರಲ್ಲಿಲ್ಲ, ಕಳಚಿದ್ದರಲ್ಲಿದೆ. ಕವಚ ಯಾರದೆಂಬುದನ್ನು ಆತ ಯುದ್ಧದ ನಡುವೆಯೂ ಮರೆಯಲಿಲ್ಲ. ಇಂದಿನ ಫೆಲೋಶಿಪ್ಪುಗಳ ಪಾಠಕ್ರಮವನ್ನು ನೋಡಿದರೆ ಸಭೆಯಲ್ಲಿ ಮಾತನಾಡುವುದು, ಹಣದ ವ್ಯವಸ್ಥೆ, ಭಿನ್ನಾಭಿಪ್ರಾಯಗಳ ನಡುವೆ ನಿರ್ಣಯ ಕೈಗೊಳ್ಳುವುದು ಮೊದಲಾದ ಧಾರಣವಿದ್ಯೆಗೆ ಆದರವುಂಟು, ಅವೆಲ್ಲ ಅವಶ್ಯವೇ. ತೆಗೆದಿಡುವ ವಿದ್ಯೆಗೆ ಅಲ್ಲಿ ಅಷ್ಟು ಅವಕಾಶ ಕಾಣದು. ಈ ಕೊರತೆಯನ್ನು ಮುಂಚಿತವಾಗಿಯೇ ಮನಗಂಡಿದ್ದವರು ಗೋಪಾಲಕೃಷ್ಣ ಗೋಖಲೆಯವರು. 1905ರಲ್ಲಿ ಪುಣೆಯಲ್ಲಿ ಅವರು ಸ್ಥಾಪಿಸಿದ ಭಾರತ ಸೇವಕ ಸಮಾಜವು ಸಾರ್ವಜನಿಕ ಜೀವನವನ್ನು ಅಧ್ಯಾತ್ಮಗೊಳಿಸಬೇಕೆಂಬ ಸಂಕಲ್ಪದಿಂದ ಹುಟ್ಟಿದುದು. ಸೇರಿದ ತರುಣನು ಐದು ವರ್ಷ ಶಿಕ್ಷಣದಲ್ಲಿರಬೇಕೆಂಬುದು ಅದರ ನಿಯಮ. ಆಫ್ರಿಕದಿಂದ ಹಿಂತಿರುಗಿದ್ದ ಗಾಂಧೀಜಿಯವರಿಂದಲೂ ಗೋಖಲೆಯವರು ಪಡೆದ ವಚನವೆಂದರೆ, ಒಂದು ವರ್ಷ ದೇಶವನ್ನು ಸುತ್ತಿ ನೋಡಬೇಕು, ಅಭಿಪ್ರಾಯವನ್ನು ಪ್ರಕಟಿಸಕೂಡದು ಎಂಬುದು. ಅಷ್ಟು ದೊಡ್ಡ ಹೋರಾಟವನ್ನು ನಡೆಸಿ ಬಂದವರಿಗೆ ಒಂದು ವರ್ಷದ ಮೌನ! ನಾಯಕತ್ವದ ಶಿಕ್ಷಣದಲ್ಲಿ ಇದಕ್ಕಿಂತ ಮೇಲಾದ ಪಾಠವನ್ನು ನಾನು ಕೇಳಿಲ್ಲ. ಅದೇ ಗೋಖಲೆಯವರ ಹೆಸರಿನಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಸಂಸ್ಥೆಯನ್ನು ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದುದೂ ಈ ಬಗೆಯ ಸಂಸ್ಕಾರವೇ.

ಏಕನಾಥನ ಪಾಲಿಗೆ ಕವಚದ ಒಡೆಯನು ಎದುರಿಗೇ ಇದ್ದನು. ಆರೋಗ್ಯಾಧಿಕಾರಿಯ ಅಧಿಕಾರಕ್ಕೆ ಒಡೆಯರು ಯಾರು? ಸರ್ಕಾರವೆನ್ನಬಹುದು, ಶಾಸ್ತ್ರವೆನ್ನಬಹುದು. ಇದಕ್ಕೆ ಬೇರೊಂದು ಉತ್ತರವನ್ನು ಕೊಟ್ಟವರು ರಜನೀಕಾಂತ ಮತ್ತು ಮೇಬಲ್ ಆರೋಳೆ ದಂಪತಿಗಳು. ವೆಲ್ಲೂರಿನಲ್ಲಿ ವೈದ್ಯರಾಗಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಕಲಿತು, 1970ರಲ್ಲಿ ಅಹಮದನಗರ ಜಿಲ್ಲೆಯ ಜಾಮಖೇಡಕ್ಕೆ ಬಂದ ಈ ಕ್ರೈಸ್ತ ದಂಪತಿಗಳು ಮೊದಲು ನಂಬಿದ್ದುದು ಶಿಕ್ಷಣ ಪಡೆದ ದಾದಿಯರನ್ನು. ಆ ದಾದಿಯರು ಹಳ್ಳಿಗಳಲ್ಲಿ ನೆಲೆನಿಲ್ಲಲಿಲ್ಲ. ಆಗ ಊರವರೇ ಆರಿಸಿಕೊಟ್ಟ ಹೆಂಗಸರನ್ನು, ಅವರಲ್ಲಿ ಅನೇಕರು ಅಕ್ಷರವರಿಯದವರು, ದಲಿತರು, ಗಂಡ ಬಿಟ್ಟವರು, ವಾರವಾರವೂ ಜಾಮಖೇಡಕ್ಕೆ ಕರೆಯಿಸಿ ಹೆರಿಗೆ, ಶಿಶುಪೋಷಣೆ, ವಾಂತಿಭೇದಿಯ ಉಪಚಾರಗಳನ್ನು ಕಲಿಸಿದರು. ಕೊಳವೆಬಾವಿಗೆ ಸ್ಥಳ ಗುರುತಿಸುವಾಗ ದಲಿತರ ಕೇರಿಯಲ್ಲಿಯೇ ಗುರುತಿಸುವಂತೆ ನೋಡಿಕೊಂಡರು. ನೀರು ಬೇಕಾದ ಮೇಲುಜಾತಿಯವರು ಅಲ್ಲಿಗೇ ಹೋಗಬೇಕಾಯಿತು. ಸುಡುವ ಮರಳಿನಲ್ಲಿ ಅಳುತ್ತಿದ್ದ ಅಸ್ಪೃಶ್ಯ ಶಿಶುವನ್ನು ಎತ್ತಿ ಮನೆಗೆ ಒಯ್ದನೆಂದು ಜನ ಹೇಳುವ ಏಕನಾಥನು ಇದನ್ನು ಕಂಡಿದ್ದರೆ ಪೈಠಣದ ತನ್ನ ಕಾರ್ಯವೇ ಮುಂದುವರಿಯಿತೆಂದು ಸಂತೋಷಪಡುತ್ತಿದ್ದನು. ಆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಆದರೆ ಅವರ ನಿಜವಾದ ಸಾಧನೆ ಯಾವುದೆಂದರೆ, ವೈದ್ಯನ ಕೈಯಲ್ಲಿ ಮಾತ್ರ ಇರತಕ್ಕದ್ದೆಂದು ಲೋಕವು ತಿಳಿದಿದ್ದ ಜ್ಞಾನವನ್ನು ಅದರ ಒಡೆತಿಯರಿಗೆ ಒಪ್ಪಿಸಿಕೊಟ್ಟದ್ದು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಹೀಗೆ ಒಪ್ಪಿಸುವುದು ಹೊಣೆಯನ್ನು ಜಾರಿಸುವ ಉಪಾಯವಾಗಲೂಬಹುದು. ಜನರೇ ನೋಡಿಕೊಳ್ಳಲಿ ಎಂದು ಹೇಳಿ ಔಷಧಿಯನ್ನೂ ಹಣವನ್ನೂ ಕಳುಹಿಸದ ಆಡಳಿತ ನಮಗೆ ಅಪರಿಚಿತವಲ್ಲ. ಈ ಭೇದವನ್ನು ಅರಿಯುವುದಕ್ಕೆ ಆ ಒಂದು ಕಾಸಿನ ಕಥೆ ಬೇಕು. ಕೊಟ್ಟವನು ಲೆಕ್ಕವನ್ನು ಬಿಟ್ಟಿಲ್ಲವೆಂಬುದೇ ಅವನ ಪ್ರಾಮಾಣ್ಯ. 1986ರಲ್ಲಿ ಗಡಚಿರೋಲಿಯಲ್ಲಿ ನೆಲಸಿದ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆಯನ್ನು ಕಲಿಸಿದ್ದಷ್ಟೇ ಅಲ್ಲದೆ, ಹುಟ್ಟಿದ ಪ್ರತಿಯೊಂದು ಶಿಶುವನ್ನೂ ಸತ್ತ ಪ್ರತಿಯೊಂದು ಶಿಶುವನ್ನೂ ಮನೆಮನೆಗೆ ಹೋಗಿ ಎಣಿಸಿದರು. ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಮರಣಪ್ರಮಾಣ ಶೇ. 62ರಷ್ಟು ಇಳಿಯಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು ತೋರಿಸಿಕೊಡಬಲ್ಲವರಾದುದು ಆ ಎಣಿಕೆಯ ಬಲದಿಂದ. ಕಡತದಲ್ಲಿ ಬಿಟ್ಟುಹೋದ ಒಂದು ಅಂಕೆಯೆಂದರೆ ಹೆಸರಿಡುವ ಮೊದಲೇ ಮಣ್ಣಾದ ಒಂದು ಕೂಸು. ಅದಕ್ಕಾಗಿ ನಿದ್ದೆಗೆಡುವುದನ್ನು ಉಪಾಸನೆಯೆಂದು ಕರೆಯಲು ನನಗೆ ಸಂಕೋಚವಿಲ್ಲ. ಲೆಕ್ಕಪುಸ್ತಕದಿಂದ ತಪಸ್ಸಿಗೆ ಶಿಷ್ಯನನ್ನು ಕಳುಹಿಸಿದ ಆ ಗುರುವು ಲೆಕ್ಕವನ್ನು ಕೀಳೆಂದು ಎಣಿಸಿರಲಾರರು. ಅದು ತಪಸ್ಸಿನ ಮೊದಲ ಮೆಟ್ಟಿಲೆಂದೇ ಬಗೆದಿದ್ದಿರಬೇಕು.

ಜಾಮಖೇಡದಂಥ ಪ್ರಯೋಗಗಳ ದಾರಿಯಲ್ಲಿಯೇ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆಯರು ಬಂದರು. ಇಂದು ಅವರ ಸಂಖ್ಯೆ ಹತ್ತು ಲಕ್ಷದ ಆಸುಪಾಸು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯನ್ನು ಅವರಿಗೆ ನೀಡಿತು. ಯಾವ ಫೆಲೋಶಿಪ್ಪಿಗೂ ಆಯ್ಕೆಯಾಗದ ಈ ಹೆಂಗಸರು ನಾಯಕರೆನಿಸಿದರು. ಆದರೂ ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಆ ಹಣದ ಹೆಚ್ಚಳಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕುಳಿತಿದ್ದರು.

ಫೆಲೋಶಿಪ್ಪಿಗೆ ಸೇರಿದ ತರುಣ ಆರೋಗ್ಯಾಧಿಕಾರಿಗೆ ನಾಯಕತ್ವದ ಪರೀಕ್ಷೆ ಬರುವುದು ಇಂಥ ದಿನಗಳಲ್ಲಿ. ಅವನ ಹೆಸರಿನಲ್ಲಿ ಮೇಲಕ್ಕೆ ಹೋಗುವ ಪ್ರತಿಯೊಂದು ಅಂಕಿಅಂಶವನ್ನೂ ಸಂಗ್ರಹಿಸುವವರು ಆ ಹೆಂಗಸರು. ಅವರು ಧರಣಿಯಲ್ಲಿರುವಾಗ ಲಸಿಕೆಯ ದಿನ ತಪ್ಪದಂತೆ ನೋಡಿಕೊಳ್ಳಬೇಕಾದವನೂ ಅವನೇ, ಅವರ ಬೇಡಿಕೆ ನ್ಯಾಯವಾದುದೆಂದು ಮೇಲಿನವರಿಗೆ ಸಹಿಹಾಕಿ ಬರೆಯಬೇಕಾದವನೂ ಅವನೇ. ಈ ಎರಡನ್ನೂ ಒಂದೇ ದಿನ ಹೇಗೆ ಮಾಡುವುದೆಂಬುದನ್ನು ಫೆಲೋಶಿಪ್ಪಿನ ತರಗತಿಯಲ್ಲಿ ಬಿಚ್ಚಿ ಚರ್ಚಿಸಬೇಕು. ಆ ಚರ್ಚೆಯಲ್ಲಿ ಪಾಠ ಹೇಳುವವರ ಪೀಠದಲ್ಲಿ ಒಬ್ಬ ಆಶಾ ಕಾರ್ಯಕರ್ತೆಯಾದರೂ ಕುಳಿತಿರಬೇಕು.