ಪಾಯದ ಕೆಳಗೆ ಮಲಗಿದವನು

ಮನೆ ನಕ್ಷೆ ಬರೆಯುವುದು ನನ್ನ ಕಸುಬು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಮೊನ್ನೆ ಮೊನ್ನೆಯವರೆಗೂ ರಾಗಿ ಹೊಲವಾಗಿದ್ದ ಕಡೆ, 30×40ರ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸುವವರಿಗೆ ಗೆರೆ ಎಳೆದುಕೊಡುತ್ತೇನೆ. ಡಿಪ್ಲೊಮಾದಲ್ಲಿ ಕಾಲಂ, ಬೀಮು, ಸ್ಲ್ಯಾಬು ಕಲಿಸಿದ್ದರು, ದೇವರ ವಿಚಾರ ಎತ್ತಿರಲಿಲ್ಲ. ಆದರೆ ನನ್ನ ಮೇಜಿನ ಮುಂದೆ ಕೂತವರು ಕಬ್ಬಿಣ ಎಷ್ಟು ಟನ್ ಬೇಕಾದೀತು ಎಂದು ಕೇಳುವ ಮೊದಲೇ ಕೇಳುತ್ತಾರೆ: “ದೇವರ ಮನೆ ಈಶಾನ್ಯಕ್ಕೇ ಬರುತ್ತೆ ತಾನೆ, ಮೇಡಂ?”

ಬರುತ್ತದೆ. ಬರಿಸುತ್ತೇನೆ. ಅಗ್ನಿಮೂಲೆಗೆ ಒಲೆ, ನೈಋತ್ಯಕ್ಕೆ ಯಜಮಾನರ ಮಲಗುವ ಕೋಣೆ, ಈಶಾನ್ಯಕ್ಕೆ ಸಂಪು. ಮೆಟ್ಟಿಲು ಪ್ರದಕ್ಷಿಣೆಯಾಗಿ ಹತ್ತಬೇಕು. ಉದ್ದ ಅಗಲ ಆಯಕ್ಕೆ ಕೂಡಬೇಕು. ಧ್ವಜಾಯ ಬಂದರೆ ಎಲ್ಲರ ಮುಖವೂ ಅರಳುತ್ತದೆ, ಕಾಕಾಯ ಬಂತೋ ಗೋಡೆ ಸರಿಸಬೇಕು. ಪೂರ್ವಕ್ಕೆ ಮುಖವಿರುವ ಸೈಟಿಗೆ ರೇಟು ಹೆಚ್ಚು. ಬೀದಿ ಕುತ್ತಿನ ಸೈಟು ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆಯುತ್ತಾ ಬಿದ್ದಿರುತ್ತದೆ. ಇದನ್ನೆಲ್ಲ ಗೇಲಿ ಮಾಡುವ ಹುಮ್ಮಸ್ಸು ನನಗೆ ಯಾವತ್ತೂ ಬರಲಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಸಿಮೆಂಟಿಗೆ ಸುರಿಯುವವರಿಗೆ ಹೆದರಿಕೆ ಇದ್ದೇ ಇರುತ್ತದೆ, ಆ ಹೆದರಿಕೆಗೆ ಒಂದು ನಕ್ಷೆ ಬೇಕು.

ನನ್ನ ತಕರಾರು ಬೇರೆ. ಈ ದಿಕ್ಕುಗಳ ಲೆಕ್ಕದ ಹಿಂದೆ ಒಂದು ಕಥೆಯಿದೆ, ಅದನ್ನು ವಾಸ್ತು ನೋಡುವವರು ನನ್ನ ಗಿರಾಕಿಗಳಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ವರಾಹಮಿಹಿರ 6ನೇ ಶತಮಾನದಲ್ಲಿ ಬರೆದ ಬೃಹತ್ಸಂಹಿತೆಯಲ್ಲಿ ಅದು ಚುಟುಕಾಗಿ ಬರುತ್ತದೆ. ಭೂಮಿ ಆಕಾಶಗಳಿಗೆ ಅಡ್ಡಲಾಗಿ ನಿಂತ ಯಾವುದೋ ಒಂದು ಜೀವವನ್ನು ದೇವತೆಗಳು ಹಿಡಿದು ಬೋರಲು ಕೆಡವಿದರು. ಯಾರು ಯಾವ ಅಂಗವನ್ನು ಅದುಮಿ ಹಿಡಿದರೋ ಆ ಭಾಗಕ್ಕೆ ಅವರೇ ಒಡೆಯರಾದರು. 81 ಮನೆಗಳ ಮಂಡಲ, ಅದರಲ್ಲಿ 45 ದೇವತೆಗಳು. ತಲೆ ಈಶಾನ್ಯಕ್ಕೆ, ಕಾಲು ನೈಋತ್ಯಕ್ಕೆ, ನಡುವೆ ಬ್ರಹ್ಮ. ಮತ್ಸ್ಯಪುರಾಣದಲ್ಲಿ ಇದೇ ಕಥೆ ಮೈತುಂಬಿಕೊಂಡಿದೆ. ಅಂಧಕಾಸುರನೊಡನೆ ಕಾದುವಾಗ ಶಿವನ ಬೆವರಿನಿಂದ ಹುಟ್ಟಿದವನು ಅವನು, ಹುಟ್ಟುತ್ತಲೇ ಹಸಿದವನು. ತನ್ನ ಮೇಲೆ ಕೂತ ದೇವತೆಗಳನ್ನು ಅವನು ಕೇಳುವ ಪ್ರಶ್ನೆ ಬಹಳ ಸರಳ: ಹೀಗೆ ಅದುಮಿ ಹಿಡಿದರೆ ನಾನು ಉಣ್ಣುವುದು ಏನನ್ನು? ಮನೆ ಕಟ್ಟುವವರು ಕೊಡುವ ಬಲಿಯೇ ನಿನ್ನ ಅನ್ನ ಎಂದು ಅವರು ಒಪ್ಪಂದಕ್ಕೆ ಬರುತ್ತಾರೆ.

ವಾಸ್ತುಪುರುಷ ಎಂದರೆ ಇವನೇ. ಅವನ ಮೈಮೇಲೆಯೇ ನಾವು ದಿಕ್ಕು ಗುರುತಿಸುವುದು. ಈಗಿನ ವಾಸ್ತುವಿನಲ್ಲಿ ದಿಕ್ಕುಗಳು ಉಳಿದವು, ಕೆಳಗೆ ಮಲಗಿದವನು ಮರೆತುಹೋದ. ಅವನಿಗೆ ಸಲ್ಲಬೇಕಾದ ಅನ್ನದ ಲೆಕ್ಕ ಯಜಮಾನನಿಗೆ ಬರುವ ಧನಲಾಭದ ಲೆಕ್ಕವಾಗಿ ತಿರುಗಿತು. ಪುರಾಣದ ಮಾತನ್ನು ಅಕ್ಷರಶಃ ನಂಬುವವಳಲ್ಲ ನಾನು. ಆದರೆ ಕಟ್ಟುವ ಕೆಲಸದ ಬಗ್ಗೆ ಇಷ್ಟು ನೇರವಾದ ಮಾತನ್ನು ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಓದಿಲ್ಲ: ಕಟ್ಟಡ ಎದ್ದಲ್ಲೆಲ್ಲ ಕೆಳಗೆ ಯಾರೋ ಒಬ್ಬರು ಅದುಮಿಸಿಕೊಂಡಿದ್ದಾರೆ, ಮೇಲಿರುವವರು ಅವರ ಋಣದಲ್ಲಿದ್ದಾರೆ.

ಖಾಲಿ ಸೈಟು ಎಂಬುದು ನಮ್ಮ ಕಸುಬಿನ ಮೊದಲ ಸುಳ್ಳು. ನಗರದ ಮಾಸ್ಟರ್ ಪ್ಲಾನ್ ಬಿಡಿಸಿ ನೋಡಿ. ಹಳದಿ ಬಳಿದರೆ ವಸತಿ, ನೀಲಿ ಬಳಿದರೆ ವ್ಯಾಪಾರ. ಆ ಹಳದಿಯ ಅಡಿಯಲ್ಲಿ ಗೋಮಾಳವಿತ್ತೋ, ಗುಂಡುತೋಪಿತ್ತೋ, ಯಾರದೋ ಸಮಾಧಿ ಇತ್ತೋ, ಬಣ್ಣಕ್ಕೆ ಗೊತ್ತಾಗುವುದಿಲ್ಲ. ನಾನು ಮಂಜೂರಾತಿಗೆ ಸಲ್ಲಿಸುವ ಹಾಳೆಯಲ್ಲಿ ಮಾಲೀಕರ ಹೆಸರು, ಖಾತಾ ನಂಬರು, ಸೆಟ್‌ಬ್ಯಾಕ್, ಕಾರು ನಿಲ್ಲುವ ಜಾಗ ಎಲ್ಲಕ್ಕೂ ಕಾಲಂ ಇದೆ. ಮೊದಲು ಇಲ್ಲಿ ಏನಿತ್ತು ಎಂಬುದಕ್ಕೆ ಇಲ್ಲ.

ಈಗ ಏನಿದೆ ಎಂಬುದಕ್ಕೂ ಇಲ್ಲ ಅನ್ನಿ. ಬೆಂಗಳೂರಿನ ಹೊಸ ಮನೆಗಳಲ್ಲಿ ಮೊದಲು ಸಂಸಾರ ಹೂಡುವವರು ಮಾಲೀಕರಲ್ಲ. ಪಾಯ ತೆಗೆದ ವಾರದಲ್ಲೇ ಯಾದಗಿರಿ ಕಡೆಯದೋ ರಾಯಚೂರು ಕಡೆಯದೋ ಒಂದು ಸಂಸಾರ ಕಾವಲಿಗೆಂದು ಬಂದು ತಗಡಿನ ಶೆಡ್ಡು ಹಾಕಿಕೊಳ್ಳುತ್ತದೆ. ನೆಲಮಹಡಿಯ ಮೋಲ್ಡಿಂಗ್ ಆಗಿ ಸೆಂಟ್ರಿಂಗ್ ಬಿಚ್ಚಿದ ಮೇಲೆ ಒಳಗೆ ಬರುತ್ತದೆ. ನಾನು ನೋಡಿಕೊಂಡ ಒಂದು ಕೆಲಸದಲ್ಲಿ ಕಾವಲಿನ ಸಂಸಾರದ ಹೆಂಗಸು ಒಲೆ ಹೂಡಿದ್ದು ಸರಿಯಾಗಿ ದೇವರ ಮನೆಯಲ್ಲಿ, ಗಾಳಿ ಬಡಿಯದ ಜಾಗ ಅದೊಂದೇ ಎಂದು. ಮೂರು ಹಾಲೋಬ್ಲಾಕು, ಸೆಂಟ್ರಿಂಗ್ ಹಲಗೆಯ ಚೂರು, ಹಂಚಿನ ಮೇಲೆ ಜೋಳದ ರೊಟ್ಟಿ. ಗೋಡೆಗೆ ಬಡಿದ ಮೊಳೆಗೆ ಯಲ್ಲಮ್ಮನ ಫೋಟೊ. ಈಶಾನ್ಯದ ಸಂಪಿನ ಮುಚ್ಚಳದ ಪಕ್ಕ ಕೂಸಿಗೆ ಸ್ನಾನ. ಸಂಜೆ ಗೋಡೆಗಳಿಗೆ ನೀರು ಹೊಡೆಯುವುದು ಅವಳ ಕೆಲಸ. ಗೋಡೆ ಗಟ್ಟಿಯಾದದ್ದು ಅವಳು ಹೊಡೆದ ನೀರಿನಿಂದ.

ಟೈಲ್ಸ್ ಬಂತು, ಪೇಂಟು ಬಂತು, ಸಂಸಾರ ಮತ್ತೆ ಹೊರಗಿನ ತಗಡಿಗೆ ಹೋಯಿತು. ಗೃಹಪ್ರವೇಶದ ಹಿಂದಿನ ರಾತ್ರಿ ರಾಕ್ಷೋಘ್ನ ಹೋಮ, ವಾಸ್ತು ಹೋಮ. ಮೂಲೆ ಮೂಲೆಗೂ ಮಂತ್ರೋದಕ ಚಿಮುಕಿಸಿದರು. ಕುಂಕುಮ ತುಂಬಿದ ಬೂದುಗುಂಬಳಕಾಯಿ ಹೊಸಿಲ ಹೊರಗೆ ಒಡೆಯಿತು. ಬೆಳಗಿನ ಜಾವ ಮೊದಲು ಹಸು ಕರು ಒಳಗೆ ಬಂದವು, ಹಿಂದೆ ಯಜಮಾನ ದಂಪತಿ. ಹೊಗೆಯಿಂದ ಕಣ್ಣುಜ್ಜಿಕೊಳ್ಳುತ್ತಾ ನಾನು ಯೋಚಿಸುತ್ತಿದ್ದೆ, ಈ ಹೋಮದಲ್ಲಿ ನಾವು ಓಡಿಸುತ್ತಿರುವುದು ಯಾರನ್ನು? ಅಷ್ಟು ತಿಂಗಳು ಅಲ್ಲಿ ವಾಸವಾಗಿದ್ದವರು ಗೇಟಿನಾಚೆ ಜಲ್ಲಿ ರಾಶಿಯ ಮೇಲೆ ಕೂತಿದ್ದರು. ರಾಕ್ಷಸರನ್ನು ಹೊರಗೆ ಕಳಿಸುವ ಮಂತ್ರಕ್ಕೂ ವಾಸ್ತುಪುರುಷನಿಗೆ ಉಣಿಸುವ ಮಂತ್ರಕ್ಕೂ ನಡುವೆ ಅವರು ಯಾವ ಕಡೆಗೆ ಸೇರುತ್ತಾರೆ ಎಂಬುದು ನನಗೆ ಬಗೆಹರಿಯದ ಧರ್ಮಪ್ರಶ್ನೆ. ಉಳಿದ ಪ್ರಶ್ನೆಗಳೆಲ್ಲ ಇದರ ಮುಂದೆ ಗೌಣ ಎಂದೇ ನನ್ನ ಅನಿಸಿಕೆ.

ಊರಿಗೂ ಇದೇ ಪ್ರಶ್ನೆಯಿದೆ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿಸಿದ ಕಥೆಯೊಂದಿಗೆ ಅವರ ಸೊಸೆ ಲಕ್ಷ್ಮೀದೇವಿಯ ಕಥೆಯೂ ಹೆಣೆದುಕೊಂಡಿದೆ. ಕೋಟೆಯ ಹೆಬ್ಬಾಗಿಲು ನಿಲ್ಲಿಸಿದಷ್ಟೂ ಕುಸಿಯುತ್ತಿತ್ತಂತೆ. ಬಸುರಿಯ ಬಲಿ ಬೇಕೆಂಬ ಮಾತು ಬಂತು. ಗೌಡರು ಒಪ್ಪಲಿಲ್ಲ, ಬಸುರಿ ಸೊಸೆ ರಾತ್ರಿ ತಾನೇ ಹೋಗಿ ಬಾಗಿಲಲ್ಲಿ ಪ್ರಾಣ ಬಿಟ್ಟಳು. ಕೋರಮಂಗಲದಲ್ಲಿ ಅವಳ ಸಮಾಧಿ ಇದೆ. ನಡೆದದ್ದೋ ಕಟ್ಟಿದ್ದೋ, ಊರು ಇದನ್ನು ಹೇಳಿಕೊಂಡು ಬಂದಿದೆ. ಕೆರೆಗೆ ಹಾರವಾದ ಭಾಗೀರಥಿಯನ್ನು ಹಾಡಿದವರೂ ನಮ್ಮವರೇ. ಎರಡೂ ಕಡೆ ಊರಿಗೆ ಒಳ್ಳೆಯದಾಗುತ್ತದೆ, ಎರಡೂ ಕಡೆ ಬೆಲೆ ತೆರುವವಳು ಸೊಸೆ. ಬೇರೆ ಮನೆಯಿಂದ ಬಂದವಳು, ಮಾತಾಡುವ ಅಧಿಕಾರ ಎಲ್ಲರಿಗಿಂತ ಕಡಿಮೆ ಇದ್ದವಳು. ತ್ಯಾಗ ಎಂದು ಕೊಂಡಾಡುವ ಮೊದಲು, ಮಾವಂದಿರು ಯಾರೂ ಹಾರವಾಗಲಿಲ್ಲ ಎಂಬುದನ್ನೂ ಒಂದಿಷ್ಟು ಯೋಚಿಸಬೇಕು. ಯೋಜನೆಗೆಂದು ಮನೆ ಕಳೆದುಕೊಳ್ಳುವವರ ಪಟ್ಟಿಯಲ್ಲೂ ಅಷ್ಟೆ, ಆ ಯೋಜನೆಗೆ ಸಹಿ ಹಾಕಿದವರ ವಿಳಾಸ ಸಿಗುವುದು ಅಪರೂಪ.

ಕೆರೆಗಳದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದದ್ದು 1890ರ ದಶಕದಲ್ಲಿ, ಕಾವೇರಿ ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಅದನ್ನು ತಳ್ಳಿ ತಳ್ಳಿ ಹತ್ತಿಸಬೇಕು. ನಕ್ಷೆ ನೋಡಿದರೆ ಆ ನೀರು ಊರಿಗೆ ಬರುವುದು ನೈಋತ್ಯದಿಂದ, ವಾಸ್ತುವಿನಲ್ಲಿ ನೀರೇ ಇರಬಾರದ ದಿಕ್ಕಿನಿಂದ! ನಾವು ಅದನ್ನು ಶ್ರದ್ಧೆಯಿಂದ ಈಶಾನ್ಯದ ಸಂಪಿಗೆ ಇಳಿಸಿಕೊಳ್ಳುತ್ತೇವೆ. ಕಾಂಪೌಂಡಿನ ಒಳಗೆ ಇಷ್ಟು ಬಿಗಿಯಾಗಿರುವ ಶಾಸ್ತ್ರಕ್ಕೆ ಗೇಟು ದಾಟುತ್ತಲೇ ದಿಕ್ಕು ತಪ್ಪುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆಯ ವಿಲ್ಲಾಗಳಿಗೆ ನೀರು ನುಗ್ಗಿ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದರಲ್ಲ, ಅಲ್ಲಿ ವಾಸ್ತು ನೋಡಿಸದೆ ಕಟ್ಟಿದ ಮನೆ ಒಂದಾದರೂ ಇತ್ತೆಂದು ನಾನಂತೂ ನಂಬಲಾರೆ. ರಾಜಕಾಲುವೆ ಎಲ್ಲಿತ್ತೆಂದು ನೋಡಿಸಿದವರು ಎಷ್ಟು ಮಂದಿಯೋ.

ಗೇಟಿನಾಚೆಗೂ ಋಣ ಹಿಡಿದುಕೊಂಡು ಹೋಗುವ ಒಂದು ಆಚರಣೆ ಇದೇ ಊರಿನಲ್ಲಿದೆ. ಚೈತ್ರ ಹುಣ್ಣಿಮೆಯ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟು, ಕತ್ತಿ ಹಿಡಿದ ವೀರಕುಮಾರರ ನಡುವೆ ದ್ರೌಪದಿಯನ್ನು ತಲೆಯ ಮೇಲೆ ಹೊತ್ತು ರಾತ್ರಿಯಿಡೀ ಪೇಟೆ ಸುತ್ತುವುದು. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಯೇ ಮುಂದೆ. ಹುಣ್ಣಿಮೆಗೆ ಮುಂಚೆ ಹಸಿ ಕರಗಕ್ಕೆ ಅವರು ಹೋಗುವುದು ಸಂಪಂಗಿ ಕೆರೆಗೆ. ಕೆರೆ ಈಗ ಕ್ರೀಡಾಂಗಣದ ಬಗಲಲ್ಲಿ ಒಂದು ಪುಟ್ಟ ಹೊಂಡ. ತಿಗಳರು ಹೂವು ತರಕಾರಿ ಬೆಳೆದವರು, ಕೆರೆನೀರನ್ನು ನೆಚ್ಚಿದವರು. ನೀರಿನ ಲೆಕ್ಕದಲ್ಲಿ ಆ ಹೊಂಡ ಏನೂ ಅಲ್ಲ. ಆದರೆ ಕೆರೆ ಇಲ್ಲವಾಯಿತು ಎಂದು ಈ ಜನ ಒಪ್ಪಿಕೊಳ್ಳದಿದ್ದುದರಿಂದಲೇ ಅಷ್ಟಾದರೂ ಉಳಿದಿದೆ. ಪ್ರತಿ ವರ್ಷ ದೇವರು ಅಲ್ಲಿಗೆ ಬರಲೇಬೇಕಲ್ಲ! ಯೋಜನಾ ಇಲಾಖೆಯ ನಕ್ಷೆ ಊರನ್ನು ಮೇಲಿನಿಂದ ನೋಡುತ್ತದೆ, ಕರಗ ಕಾಲ್ನಡಿಗೆಯಲ್ಲಿ ನೋಡುತ್ತದೆ. ನಡೆಯುವವರಿಗೆ ಅಡಿಯಲ್ಲಿರುವುದು ತಿಳಿಯುತ್ತದೆ.

ಇಷ್ಟು ಹೇಳಿದರೆ ನನ್ನ ತಮ್ಮ ಸುಮ್ಮನಿರುವುದಿಲ್ಲ. ಅವನು ಪೂಜೆ ಪುನಸ್ಕಾರದಿಂದ ದೂರ. “ನೀನು ಹೊಗಳ್ತಿರೋ ಆ ಋಣ ಒಂದು ಕುಂಬಳಕಾಯಿಗೆ ತೀರಿಹೋಗುತ್ತಲ್ಲ, ಅಕ್ಕ. ಮನುಷ್ಯರ ಬದಲಿಗೆ ಕಾಯಿ ಇಟ್ಟು ಕೈತೊಳೆದುಕೊಳ್ಳೋದಕ್ಕೇ ಮಾಡಿದ ಉಪಾಯ ಅದು” ಎನ್ನುತ್ತಾನೆ. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಬಸುರಿಯ ಜಾಗಕ್ಕೆ ಕುಂಬಳಕಾಯಿ ಬಂದದ್ದು ಸಣ್ಣ ಸಂಗತಿಯಲ್ಲ, ಅಲ್ಲಿಂದ ನಾಗರಿಕತೆ ಶುರುವಾಯಿತೆಂದರೂ ಸರಿಯೇ. ಕೊಡುವುದು ಬಾಕಿ ಇದೆ ಎಂದು ಕಾಯಿ ಒಪ್ಪಿಕೊಳ್ಳುತ್ತದೆ, ಅದು ಅದರ ದೊಡ್ಡತನ. ಒಡೆದ ಮರುಗಳಿಗೆಯೇ ಬಾಕಿ ಚುಕ್ತಾ ಎಂದೂ ಸಾರಿಬಿಡುತ್ತದೆ, ಮೋಸ ಇರುವುದು ಅಲ್ಲಿ. ಮಂತ್ರಿಗಳ ಗುದ್ದಲಿ ಪೂಜೆಯಲ್ಲಿ ಚೆಂಡುಹೂ ತೊಟ್ಟು ನಿಲ್ಲುವ ಜೆಸಿಬಿಯನ್ನು ನೋಡಿದಾಗಲೆಲ್ಲ ನನಗೆ ಈ ಮೋಸವೇ ನೆನಪಾಗುವುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಹಳೆಯ ಕೆರೆ, ಹಳೆಯ ಊರು ಎಂದು ಕರಗುವವರು 1927ರ ಮಹಾಡದ ಚೌದಾರ್ ಕೆರೆಯನ್ನು ನೆನೆಯಬೇಕು. ನೀರು ಮುಟ್ಟುವುದಕ್ಕೇ ಅಂಬೇಡ್ಕರರು ಸಾವಿರಾರು ಜನರನ್ನು ಕಟ್ಟಿಕೊಂಡು ನಡೆಯಬೇಕಾಯಿತು. ಊರಾಚೆಗೆ ತಳ್ಳಿಸಿಕೊಂಡವರ ಪಾಲಿಗೆ, ಕೆರೆ ಮುಚ್ಚಿ ಎದ್ದ ಬಸ್ ನಿಲ್ದಾಣವೇ ಬಿಡುಗಡೆಯ ಬಾಗಿಲಾಗಿರಬಹುದು. ಮೆಜೆಸ್ಟಿಕ್ಕಿನಲ್ಲಿ ಇಳಿದವರನ್ನು ಪಕ್ಕದಲ್ಲಿ ನಿಂತವರು ಜಾತಿ ಕೇಳುವುದಿಲ್ಲ. ಆದ್ದರಿಂದ ಕೆಳಗೆ ಮಲಗಿದವರ ಪರವಾಗಿ ಮಾತಾಡುವುದೆಂದರೆ ಹಿಂದಿನದ್ದೆಲ್ಲ ಮರಳಿ ಬರಲಿ ಎಂದು ಹಂಬಲಿಸುವುದಲ್ಲ. ಕಟ್ಟುವುದು ನಿಲ್ಲದು, ನಿಲ್ಲಬಾರದು, ಕಾವಲಿನ ಆ ಸಂಸಾರಕ್ಕೂ ಸೂರು ಬೇಕು. ವಾಸ್ತುಪುರುಷ ಕೂಡ ನನ್ನನ್ನು ಬಿಟ್ಟುಬಿಡಿ ಅನ್ನಲಿಲ್ಲ. ಅನ್ನದ ಲೆಕ್ಕ ಕೇಳಿದ ಅಷ್ಟೆ.

ಆ ಗೃಹಪ್ರವೇಶದ ದಿನ ನಾನು ಪುರೋಹಿತರನ್ನು ಕೇಳಿದೆ, ಕಾವಲಿನವರನ್ನು ಮೊದಲ ಪಂಕ್ತಿಗೇ ಹಾಲ್‌ನೊಳಗೆ ಕೂರಿಸಿ ಬಡಿಸಿದರೆ ಶಾಸ್ತ್ರಕ್ಕೆ ಅಡ್ಡಿಯೇ ಎಂದು. “ಅಡ್ಡಿ ಯಾತಕ್ಕಮ್ಮ, ಅನ್ನದಾನಕ್ಕಿಂತ ದೊಡ್ಡದುಂಟೇ? ಯಜಮಾನರು ಹೂಂ ಅನ್ನಬೇಕು” ಎಂದರು. ಯಜಮಾನರು ಹೂಂ ಅಂದರು, ಆದರೆ ನೆಂಟರೆಲ್ಲ ಆದಮೇಲೆ ಅಂದರು. ನಾನು ಗೇಟಿನಾಚೆ ಹೋಗಿ ಅವಳನ್ನು ಕರೆದೆ. ಅವಳು ಎದ್ದು ಸೆರಗು ಕೊಡವಿಕೊಂಡಳು. “ಊಟ ಇರ್ಲಿ ಬಿಡ್ರಿ ಅಕ್ಕಾರ. ಹ್ವಾದ ತಿಂಗಳ ಪಗಾರ ಬಂದಿಲ್ರಿ, ಅದನ್ನ ಕೊಡಸ್ರಿ.”

ಕೊಡಿಸಿದೆ. ಅಷ್ಟರಲ್ಲಿ ದೀಪಾವಳಿ ಕಳೆದಿತ್ತು, ಅವರು ಅದಾಗಲೇ ಎರಡು ಬೀದಿ ಆಚೆ ಇನ್ನೊಬ್ಬರ ಪಾಯಕ್ಕೆ ಕಾವಲಿದ್ದರು.