ಒಂದು ತುತ್ತಿನ ಋಣ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗೆ ಗುಳೆಯೆಂಬುದು ಹೊಸ ಮಾತಲ್ಲ. ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟದ ವರ್ಷ, ದೇವದುರ್ಗ ಮಾನ್ವಿ ಸೀಮೆಯ ಒಕ್ಕಲುಗಳು ಮನೆಗೆ ಕೀಲಿ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಬೆಂಗಳೂರು ಪುಣೆ ಮುಂಬಯಿಗಳ ದಾರಿ ಹಿಡಿಯುತ್ತವೆ. ಎತ್ತು ಅದಾಗಲೇ ಮಾರಾಟವಾಗಿರುತ್ತದೆ. ಆಡನ್ನು ಬೀಗರು ನೋಡಿಕೊಳ್ಳುತ್ತಾರೆ. ನಾಯಿಯನ್ನು ಮಾತ್ರ ಕೊಳ್ಳುವವರೂ ಇಲ್ಲ, ಕರೆದೊಯ್ಯುವವರೂ ಇಲ್ಲ. ಅದು ಬಸ್ಸಿನ ಹಿಂದೆ ಊರ ಅಗಸಿಯವರೆಗೆ ಓಡಿ, ಮರಳಿ ಬಂದು, ಮುಚ್ಚಿದ ಬಾಗಿಲ ಮುಂದಣ ಕಟ್ಟೆಯ ಮೇಲೆ ಮಲಗುತ್ತದೆ.

ಇಲ್ಲಿ ವಿಚಾರಣೀಯವಾದ ಪ್ರಶ್ನೆಯೊಂದುಂಟು. ಹಸಿದ ಪ್ರಾಣಿಗೆ ತುತ್ತು ಹಾಕಿದವನು ದಾನ ಮಾಡಿದನೋ, ಋಣ ಮಾಡಿಕೊಂಡನೋ? ದಾನವಾದರೆ ಅದು ಕೊಟ್ಟ ಕ್ಷಣಕ್ಕೆ ಮುಗಿಯಿತು. ಋಣವಾದರೆ ಮೊದಲ ತುತ್ತಿನಲ್ಲಿಯೇ ನಾಳಿನ ತುತ್ತಿಗೂ ಮಾತು ಕೊಟ್ಟಂತಾಯಿತು. ನಾಯಿ ವರ್ಷಾನುಗಟ್ಟಲೆ ಬಾಗಿಲು ಕಾಯುವುದು ಈ ಎರಡನೆಯ ಅರ್ಥವನ್ನು ನಂಬಿಯೇ.

ವಚನಗಳಲ್ಲಿ ನಾಯಿಯು ಬಹುಮಟ್ಟಿಗೆ ಆಸೆಬುರುಕ ಮನಸ್ಸಿಗೆ ಉಪಮಾನವಾಗಿ ಬರುತ್ತದೆಂದು ಕೆಲವರು ನಾಯಿಯನ್ನೇ ಹೀನವೆಂದು ಬಗೆಯುವರು. ಉಪಮಾನದ ಪೆಟ್ಟು ಮನುಷ್ಯನಿಗೇ ಹೊರತು ನಾಯಿಗಲ್ಲ. ಬಸವಣ್ಣನವರು ದಯೆಯನ್ನು ಹೇಳುವಾಗ ಪ್ರಾಣಿಗಳಲ್ಲಿ ಭೇದವೆಣಿಸಲಿಲ್ಲ.

ಪ್ರಾಣಿಹಿಂಸೆಯನ್ನು ತಡೆಯಲೆಂದು 1960ರಲ್ಲಿ ಆದ ಕಾಯಿದೆಯ 11ನೆಯ ಕಲಮು, ಯೋಗ್ಯ ಕಾರಣವಿಲ್ಲದೆ, ಹಸಿವು ನೀರಡಿಕೆಗಳಿಂದ ನೋಯುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧವೆನ್ನುತ್ತದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಸೇರು ತೊಗರಿಬೇಳೆಗೂ ಸಾಲದು. ದಂಡ ಹಗುರವಾದರೂ 'ಯೋಗ್ಯ ಕಾರಣ'ವೆಂಬ ಮಾತು ಭಾರವಾದುದು. ರಾಯಚೂರು ನಗರದಲ್ಲಿ ಸಂಬಳದ ಗೃಹಸ್ಥನೊಬ್ಬನು ಅಂತಸ್ತಿಗೆಂದು ಸಾವಿರಾರು ರೂಪಾಯಿ ತೆತ್ತು ಪರದೇಶದ ಜಾತಿಯ ಮರಿಯನ್ನು ತಂದು, ವರ್ಗವಾದೊಡನೆ ಬೀದಿಗೆ ಬಿಟ್ಟನೆಂದು ಭಾವಿಸೋಣ. ಅವನಿಗೂ ಗುಳೆಯವನಿಗೂ ಒಂದೇ ತಕ್ಕಡಿಯೇ?

ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಹೋದರು. ಅವರೂ ಊರು ಬಿಟ್ಟು ಕಾಯಕಕ್ಕೆ ಹೋದವರೇ. ಗಂಡನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಯೇ ಹಾಕಿ ಬರುವಂತೆ ಲಕ್ಕಮ್ಮ ಕಳುಹಿಸಿದಳು. ಸಾಕಲಾರದ ಜೀವವನ್ನು ಅಂತಸ್ತಿಗೆ ತಂದುಕೊಂಡದ್ದು ಆ ಹೆಚ್ಚಿನ ಅಕ್ಕಿಯಂಥದೇ. ಅಕ್ಕಿಯನ್ನಾದರೂ ಮರಳಿಸಬಹುದು, ನಾಯಿಯನ್ನು ಎಲ್ಲಿಗೆ ಮರಳಿಸುವುದು? ಗುಳೆಯವನು ತಂದುಕೊಂಡವನಲ್ಲ. ನಾಯಿ ತಾನೇ ಬಂದಿತು, ರೊಟ್ಟಿಯ ತುಂಡಿಗೆ ಉಳಿಯಿತು.

ಊರು ಬಿಟ್ಟು ಬಂದವರೇ ಬೇರೆಯವರು ತೊರೆದ ಜೀವಗಳಿಗೆ ಆಸರೆಯಾದ ನಿದರ್ಶನಗಳೂ ಉಂಟು. ಇಂಗ್ಲೆಂಡಿನ ಕ್ರಿಸ್ಟಲ್ ರಾಜರ್ಸ್ ಎಂಬಾಕೆ 1959ರಲ್ಲಿ ನ್ಯೂಜಿಲೆಂಡಿಗೆ ಹೊರಟವಳು, ದಿಲ್ಲಿಯ ದಾರಿಬದಿಯಲ್ಲಿ ಸಾಯುತ್ತಿದ್ದ ಕುದುರೆಯೊಂದನ್ನು ಕಂಡು ಈ ದೇಶದಲ್ಲಿಯೇ ನಿಂತಳು. ದಿಲ್ಲಿ, ಜಯಪುರಗಳಲ್ಲಿ ದುಡಿದು, 1991ರಲ್ಲಿ ಬೆಂಗಳೂರಿನಲ್ಲಿ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಸ್ಥಾಪಿಸಿ, 1996ರಲ್ಲಿ ತೀರಿಕೊಂಡಳು. ಸ್ಪೇನಿನ ಹಳ್ಳಿಗಳಲ್ಲಿ ಬೇಟೆಯ ಕಾಲ ಮುಗಿದೊಡನೆ ಬೀದಿಪಾಲಾಗುವ ಗಾಲ್ಗೊ ನಾಯಿಗಳನ್ನು ಹೊರದೇಶದಿಂದ ಬಂದು ನೆಲೆಸಿದವರು ಸಾಕಿಕೊಳ್ಳುವುದೂ ಇದೇ ಬಗೆ. ಇದು ಸ್ತುತ್ಯರ್ಹವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇಂಥ ದಯೆಯಲ್ಲಿ ಆಯ್ಕೆಯುಂಟು. ಬಂದವರು ಬೇಡವೆಂದು ಮುಂದೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಋಣದಲ್ಲಿ ಆಯ್ಕೆಯಿಲ್ಲ. ಅದನ್ನು ತೀರಿಸಿದವನನ್ನು ಹೊಗಳುವವರೂ ಇಲ್ಲ.

ಅದೇ ಬೆಂಗಳೂರಿನಲ್ಲಿ, ಏಳುತ್ತಿರುವ ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ, ದೇವದುರ್ಗದ ಕೂಲಿಯವನ ಮಗು ಬೀದಿಯ ಮರಿಯೊಂದಕ್ಕೆ ಅನ್ನ ಕಲಸಿಡುತ್ತದೆ. ಆರು ತಿಂಗಳಲ್ಲಿ ಕಟ್ಟಡ ಮುಗಿಯುತ್ತದೆ, ಶೆಡ್ಡು ಕೀಳುತ್ತಾರೆ. ಹಾಗಾದರೆ ನಾಳೆಯಿಲ್ಲದವನು ಇಂದೂ ಹಾಕಬಾರದೇ? ಹಾಗೆಂದರೆ ದಯೆಯು ಉಳ್ಳವರ ಸೊತ್ತಾಗಿಬಿಡುತ್ತದೆ. ತುತ್ತು ಋಣವೇ ಸರಿ. ತಪ್ಪಿರುವುದು ಆ ಋಣ ಒಬ್ಬನದೇ ಎಂದೆಣಿಸುವುದರಲ್ಲಿ. ಊರಿನ ಮಾತನ್ನೇ ನೋಡಿರಿ. ಕಟ್ಟೆಯ ಮೇಲಿನ ನಾಯಿ ಒಂದು ಮನೆಯ ಅನ್ನ ತಿಂದಿತು; ರಾತ್ರಿ ಬೊಗಳಿದ್ದು ಓಣಿಗೆಲ್ಲ. ಕಾವಲಿನ ಫಲವನ್ನು ಹತ್ತು ಮನೆಗಳು ಉಂಡು, ಸಾಲವನ್ನು ಊರು ಬಿಟ್ಟವನ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ಓಣಿಯವರು ಅನ್ನವಿಟ್ಟರೆ ನಾಯಿಗಳು ಹೆಚ್ಚಿ, ಶಾಲೆಗೆ ಹೋಗುವ ಮಕ್ಕಳನ್ನು ಕಚ್ಚಿದರೇನು ಗತಿಯೆಂಬ ಆಕ್ಷೇಪ ಬರುವುದು. ಇದು ಹುಸಿ ಭಯವಲ್ಲ. ಹುಚ್ಚುನಾಯಿಯ ರೋಗ ತಲೆಗೇರಿದ ಮೇಲೆ ಸಾವು ಬಹುತೇಕ ಖಚಿತ, ಕಚ್ಚಿದೊಡನೆ ಗಾಯವನ್ನು ಸಾಬೂನು ನೀರಿನಿಂದ ತೊಳೆದು ಸೂಜಿ ಹಾಕಿಸುವುದೇ ದಾರಿ. ಆದರೆ 2023ರ ನಿಯಮಗಳು ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಊರಿನ ಆಡಳಿತ ಸಂಸ್ಥೆಗಳ ಮೇಲೆಯೇ ಇಟ್ಟಿವೆ. ಲಸಿಕೆಯವರು ಬಂದಾಗ, ಯಾರೂ ಅನ್ನವಿಡದ ನಾಯಿ ಹೊಲ ಹಾರಿ ಓಡುವುದು. ಅನ್ನವಿಟ್ಟವರ ಕೈಗೆ ಮಾತ್ರ ಅದು ಸಿಕ್ಕೀತು.

ಗುಳೆ ಹೋದ ಮನೆಯಲ್ಲಿ ಉಳಿದ ಅಜ್ಜಿಗೆ ರೇಷನ್ನಿನ ಅಕ್ಕಿಯೇ ಆಧಾರ. ಅವಳ ತಾಟಿನಿಂದ ನಾಯಿಗೆ ತುತ್ತು ಕೇಳುವ ಮೊದಲು, ಪಕ್ಕದ ಮನೆಯಲ್ಲಿ ಇಂದು ಎಷ್ಟು ರೊಟ್ಟಿ ಬಡಿದರೆಂದು ವಿಚಾರಿಸಬೇಕು.