ಗಿರಿಪ್ರದಕ್ಷಿಣೆಯೂ ಕರಸ್ಥಲದ ಲಿಂಗವೂ

ದೇವರೆಡೆಗೆ ನಡೆಯುವುದು ಒಂದು, ದೇವರ ಸುತ್ತಲೂ ನಡೆಯುವುದು ಮತ್ತೊಂದು. ಮೊದಲನೆಯದು ಯಾತ್ರೆ, ಎರಡನೆಯದು ಪ್ರದಕ್ಷಿಣೆ. ಯಾತ್ರೆಗೆ ಹೊರಡುವ ಊರೊಂದು, ಸೇರುವ ಕ್ಷೇತ್ರವೊಂದು. ಪ್ರದಕ್ಷಿಣೆಗಾದರೋ ಹೊರಟ ಎಡೆಯೇ ಸೇರುವ ಎಡೆ. ಈ ಬಗೆಯ ನಡಿಗೆಯು ಲೋಕದ ನಾನಾ ಮತಗಳಲ್ಲಿ ಕಂಡುಬರುವುದು. ಕೈಲಾಸಪರ್ವತವನ್ನು ಹಿಂದೂಗಳೂ ಬೌದ್ಧರೂ ಸುಮಾರು 52 ಕಿಲೋಮೀಟರು ದಾರಿಯಲ್ಲಿ ಸುತ್ತಿಬರುವರು. ತಿರುವಣ್ಣಾಮಲೆಯ ಅರುಣಾಚಲವನ್ನು ಹುಣ್ಣಿಮೆಯ ರಾತ್ರಿ ಅಸಂಖ್ಯಾತ ಜನರು ಬರಿಗಾಲಿನಲ್ಲಿ ಸುತ್ತುವರು. ಫ್ರಾನ್ಸ್ ದೇಶದ ಬ್ರಿಟ್ಟನಿ ಪ್ರಾಂತದ ಲೊಕ್ರೊನಾನ್ ಎಂಬ ಹಳ್ಳಿಯ ಪ್ರಾಚೀನ ಇಗರ್ಜಿಯಿಂದ ಹೊರಟು, ಹೊಲತೋಟಗಳ ನಡುವೆ 12 ಕಿಲೋಮೀಟರು ನಡೆದು, ಅದೇ ಇಗರ್ಜಿಗೆ ಮರಳುವ ಕ್ರೈಸ್ತರ ಮೆರವಣಿಗೆಯು ಆರು ವರ್ಷಗಳಿಗೊಮ್ಮೆ ಜರುಗುವುದು.

ನಮ್ಮ ಸೀಮೆಯವರು ಇದಕ್ಕಾಗಿ ದೂರ ಹೋಗಬೇಕಾದುದಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಎಲ್ಲೆಯನ್ನು ಮುಟ್ಟಿಕೊಂಡು ನಿಂತಿರುವ ನಂದಿಗಿರಿಯ ಪ್ರದಕ್ಷಿಣೆಯು ಆಷಾಢಮಾಸದ ಕಡೆಯ ಸೋಮವಾರದಂದು ವರ್ಷವರ್ಷವೂ ನಡೆಯುತ್ತಿದೆ. ನಂದಿಗ್ರಾಮದ ಭೋಗನಂದೀಶ್ವರನ ಸನ್ನಿಧಿಯಲ್ಲಿ ಕೈಮುಗಿದು ಹೊರಟ ಜನರು ಬೆಟ್ಟದ ಬುಡದ ಹಳ್ಳಿಗಳನ್ನು ಹಾಯ್ದು, ಸುಮಾರು 15 ಕಿಲೋಮೀಟರು ನಡೆದು, ಮತ್ತೆ ಅಲ್ಲಿಗೇ ಬರುವರು. ದಾರಿಯುದ್ದಕ್ಕೂ ಭಕ್ತರು ನೀರು, ಮಜ್ಜಿಗೆ, ಪ್ರಸಾದಗಳನ್ನು ನೀಡುವರು. ದೇವಾಲಯವು ಬಹು ಪ್ರಾಚೀನವಾದುದು. ಬಾಣರಾಣಿ ರತ್ನಾವಳಿಯು ಇಲ್ಲಿ ಶಿವಾಲಯವನ್ನು ಕಟ್ಟಿಸಿದ ಸಂಗತಿಯು ಕ್ರಿ.ಶ. 806ರ ತಾಮ್ರಶಾಸನದಿಂದ ತಿಳಿದುಬರುವುದು. ಕೆಳಗಿನ ಅರುಣಾಚಲೇಶ್ವರನಲ್ಲಿ ಬಾಲ್ಯವನ್ನೂ, ಭೋಗನಂದೀಶ್ವರನಲ್ಲಿ ಯೌವನವನ್ನೂ, ಬೆಟ್ಟದ ಮೇಲಣ ಯೋಗನಂದೀಶ್ವರನಲ್ಲಿ ವೈರಾಗ್ಯವನ್ನೂ ಜನರು ಕಾಣುವರು. ಬೆಟ್ಟವನ್ನು ಸುತ್ತಿದವನು ಮನುಷ್ಯನ ಆಯುಸ್ಸನ್ನೇ ಒಂದು ಬಾರಿ ಸುತ್ತಿದಂತೆ ಎಂದು ಹಿರಿಯರು ಹೇಳುವುದುಂಟು.

ಹೀಗಿರಲಾಗಿ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆಯು ಏಳುತ್ತದೆ. ವಯಸ್ಸಾದ ತಾಯಿಯು, "ಈ ಸೋಮವಾರ ನಂದಿಬೆಟ್ಟ ಸುತ್ತಿಬರುತ್ತೇನಪ್ಪ" ಎನ್ನುವಳು. ವಚನಗಳನ್ನು ಓದಿಕೊಂಡ ಮಗನು, "ಎದೆಯ ಮೇಲೆ ಲಿಂಗವಿರುವಾಗ ಕಲ್ಲುಬೆಟ್ಟ ಸುತ್ತುವುದೇತಕ್ಕಮ್ಮ? ಶರಣರು ಇದನ್ನು ಬೇಡವೆಂದಿಲ್ಲವೇ?" ಎನ್ನುವನು. ತಾಯಿಯು ಉತ್ತರ ಕೊಡಲಾರದೆ ಸುಮ್ಮನಾಗುವಳು. ಮಗನು ಗೆದ್ದೆನೆಂದುಕೊಳ್ಳುವನು. ಇಲ್ಲಿ ಶರಣರ ಮಾತು ನಿಜವಾಗಿ ಯಾರ ಕಡೆಗಿದೆ? ಇಷ್ಟಲಿಂಗಧಾರಿಯು ಗಿರಿಪ್ರದಕ್ಷಿಣೆ ಮಾಡಬಹುದೇ, ಮಾಡಿದರೆ ಅದರ ಅರ್ಥವೇನು? ಇದನ್ನು ಪಕ್ಷಪಾತವಿಲ್ಲದೆ ವಿಚಾರಿಸುವುದು ಅಗತ್ಯ.

ಮೊದಲು ಮಗನ ಪಕ್ಷವನ್ನು ಪೂರ್ಣವಾಗಿ ಕೇಳೋಣ, ಅದು ಹಗುರವಾದುದಲ್ಲ. ಶರಣರು ಸ್ಥಾವರದ ಮೇಲಣ ಅವಲಂಬನವನ್ನು ತಿರಸ್ಕರಿಸಿದುದಕ್ಕೆ ಮೂರು ಕಾರಣಗಳನ್ನು ಕಾಣಬಹುದು. ದೇವನು ಒಂದು ಎಡೆಯಲ್ಲಿ ಹೆಚ್ಚು, ಇನ್ನೊಂದು ಎಡೆಯಲ್ಲಿ ಕಡಿಮೆ ಇರುವನೆಂದು ತಿಳಿದರೆ ಅವನ ಸರ್ವವ್ಯಾಪಕತ್ವಕ್ಕೆ ಭಂಗವುಂಟಾಗುವುದು. ಇದು ಮೊದಲನೆಯ ಕಾರಣ. ಇಷ್ಟು ಸುತ್ತಿಗೆ ಇಷ್ಟು ಪುಣ್ಯವೆಂದು ಎಣಿಸತೊಡಗಿದರೆ ಭಕ್ತಿಯು ವ್ಯಾಪಾರವಾಗುವುದು, ಇದು ಎರಡನೆಯದು. ಗುಡಿಯೆಂಬುದು ಇರುವಲ್ಲಿ ಬಾಗಿಲೂ ಇರುವುದು, ಬಾಗಿಲಿರುವಲ್ಲಿ ಅದನ್ನು ಮುಚ್ಚುವವನೂ ಇರುವನು. ಇದು ಮೂರನೆಯದೂ ಸಾಮಾಜಿಕವಾಗಿ ಅತ್ಯಂತ ತೀಕ್ಷ್ಣವಾದುದೂ ಆಗಿದೆ. ಗರ್ಭಗುಡಿಯ ಹೊಸ್ತಿಲನ್ನು ದಾಟಲಾಗದವರ ಅಂಗೈಗೇ ಹನ್ನೆರಡನೆಯ ಶತಮಾನದಲ್ಲಿ ಲಿಂಗವು ಬಂದಿತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸೂಳೆ ಸಂಕವ್ವೆ ಇವರನ್ನು ಯಾವ ದ್ವಾರಪಾಲಕನೂ ತಡೆಯದಂತಾಯಿತು. ಇಂತಹ ಬಿಡುಗಡೆಯನ್ನು ಪಡೆದವರ ಮಕ್ಕಳು ಮರಳಿ ಗುಡಿಯ ಬಾಗಿಲಿನಲ್ಲಿ ಸಾಲುಗಟ್ಟಿ ನಿಲ್ಲುವುದು ತಕ್ಕುದೇ ಎಂದು ಕೇಳುವವನನ್ನು ಅಧಿಕಪ್ರಸಂಗಿಯೆನ್ನಲಾಗದು.

ಆದರೆ ಶರಣರ ಚರಿತ್ರೆಯಲ್ಲಿಯೇ ಇನ್ನೊಂದು ಮುಖವೂ ಇದೆ. ಶರಣರು ನಡೆಯುವುದನ್ನು ನಿಲ್ಲಿಸಿದವರಲ್ಲ. ಮಹಾದೇವಿಯಕ್ಕನು ಉಡುತಡಿಯಿಂದ ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲಕ್ಕೂ ನಡೆದಳು. ಅಲ್ಲಮಪ್ರಭುವು ಒಂದೆಡೆ ನೆಲೆನಿಂತವನಲ್ಲ. ಜಂಗಮವೆಂಬ ಶಬ್ದದ ಅರ್ಥವೇ ಚಲಿಸುವುದು. ಇದಕ್ಕಿಂತಲೂ ವಿಚಾರಾರ್ಹವಾದುದು ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗ. ಆತನು ತನ್ನ ಊರಿನಲ್ಲಿ ಕೆರೆಯನ್ನು ಕಟ್ಟಿಸಿ, ಗುಡಿಯನ್ನು ನಿಲ್ಲಿಸಿ, 68 ಲಿಂಗಗಳನ್ನು ಸ್ಥಾಪಿಸಿದನೆಂದು ಸಂಪ್ರದಾಯವು ಹೇಳುವುದು. ಇಂದಿಗೂ ಸೊಲ್ಲಾಪುರದಲ್ಲಿ ಮಕರಸಂಕ್ರಾಂತಿಯ ಕಾಲಕ್ಕೆ ನಂದಿಧ್ವಜಗಳನ್ನು ಹೊತ್ತ ಭಕ್ತರು ಊರ ಸುತ್ತಲಿನ ಆ 68 ಲಿಂಗಗಳನ್ನು ಸಂದರ್ಶಿಸಿ ಎಣ್ಣೆಮಜ್ಜನವನ್ನು ನೆರವೇರಿಸುವರು. ಶರಣರ ಸಾಲಿನಲ್ಲಿ ಎಣಿಸಲ್ಪಟ್ಟ ಮಹಾನುಭಾವನ ಊರಿನಲ್ಲಿಯೇ ಇಂತಹ ಸುತ್ತುಯಾತ್ರೆಯು ಉಳಿದುಬಂದಿದೆ.

ಶೂನ್ಯಸಂಪಾದನೆಯು ಈ ಸಿದ್ಧರಾಮನ ಮುಂದೆ ಅಲ್ಲಮನನ್ನು ತಂದು ನಿಲ್ಲಿಸುತ್ತದೆ. ಕೆರೆಯ ಕೆಲಸ ನಡೆಯುತ್ತಿರುವಾಗ ಬಂದ ಅಲ್ಲಮನು ಅವನ ಕಾರ್ಯವನ್ನು ಕಠಿನವಾಗಿಯೇ ಪ್ರಶ್ನಿಸುವನು. ದೀರ್ಘ ಸಂವಾದದ ಬಳಿಕ ಸಿದ್ಧರಾಮನು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆಯುವನು. ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಬಲ್ಲರು. ಇದರ ಮುಂದಿನ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅರಿವಾದ ಮೇಲೆ ಸಿದ್ಧರಾಮನು ಕೆರೆಯ ಏರಿಯನ್ನು ಒಡೆಯಿಸಲಿಲ್ಲ. ಆ ಕೆರೆಯೂ ಅದರ ನಡುವಣ ಗುಡಿಯೂ ಸೊಲ್ಲಾಪುರದಲ್ಲಿ ಇಂದಿಗೂ ಇವೆ. ಹಾಗಾದರೆ ಅಲ್ಲಮನ ಮಾತಿನಿಂದ ಅಳಿದುದು ಯಾವುದು? ಕೆರೆಯಲ್ಲ, "ನಾನು ಕಟ್ಟಿದೆ" ಎಂಬ ಭಾವ. ಕ್ರಿಯೆಯು ಉಳಿಯಿತು, ಕ್ರಿಯೆಯ ಒಡೆತನವು ಹೋಯಿತು. ನನ್ನ ಬುದ್ಧಿಗೆ ತೋರುವಂತೆ ಪ್ರದಕ್ಷಿಣೆಯ ಪ್ರಶ್ನೆಗೆ ಬೀಗದಕೈ ಇಲ್ಲಿದೆ.

ಇನ್ನೊಂದು ದೃಷ್ಟಾಂತವನ್ನು ನೋಡೋಣ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯನ್ನು ಜನರು ದಕ್ಷಿಣಕಾಶಿಯೆಂದು ಕರೆಯುವರು. ಆ ಬೆಟ್ಟದ ಮೆಟ್ಟಿಲುಗಳ ಸಂಖ್ಯೆಯು ಇಲ್ಲಿಂದ ಕಾಶಿಗಿರುವ ಯೋಜನಗಳ ಸಂಖ್ಯೆಗೆ ಸಮವೆಂದೂ, ಅದನ್ನು ಹತ್ತಿದವನಿಗೆ ಕಾಶೀಯಾತ್ರೆಯ ಫಲವೆಂದೂ ಬಹುಕಾಲದ ನಂಬಿಕೆ. ಇದನ್ನು ಕೇಳಿ ನಗುವವರುಂಟು. ಆದರೆ ಇದರೊಳಗೆ ಒಂದು ದೊಡ್ಡ ಒಪ್ಪಿಗೆ ಅಡಗಿದೆ. ಕಾಶಿಯು ಗಂಗಾತೀರವನ್ನು ಬಿಟ್ಟು ನೆಲಮಂಗಲದ ಸೀಮೆಗೆ ಬರಬಲ್ಲುದಾದರೆ, ಪಾವನತ್ವವು ಆ ನೆಲಕ್ಕೆ ಅಂಟಿಕೊಂಡುದಲ್ಲವೆಂದು ಆಯಿತು. ಹತ್ತಲಾರದ ಬಡವನಿಗಾಗಿ, ದೂರ ಹೋಗಲಾರದ ಮುದುಕಿಗಾಗಿ ಜನಸಾಮಾನ್ಯರೇ ಕ್ಷೇತ್ರವನ್ನು ಹತ್ತಿರಕ್ಕೆ ಕರೆದುಕೊಂಡರು. ಶರಣರು ಅದೇ ದಾರಿಯಲ್ಲಿ ಕಡೆಯ ಹೆಜ್ಜೆಯನ್ನಿಟ್ಟು ಕ್ಷೇತ್ರವನ್ನು ಅಂಗೈಗೆ ತಂದರು. ಆದುದರಿಂದ ಬೆಟ್ಟ ಹತ್ತುವ ಜನರ ಭಾವವೂ ಶರಣರ ಅರಿವೂ ಒಂದಕ್ಕೊಂದು ವಿರೋಧಿಗಳಲ್ಲ. ಒಂದೇ ದಾರಿಯ ಎರಡು ಘಟ್ಟಗಳು. ಮುಂದೆ ಹೋದವನು ಹಿಂದಿರುವವನನ್ನು ಹೀಯಾಳಿಸುವುದು ಪಯಣಿಗರ ಧರ್ಮವಲ್ಲ.

ಈಗ ಪ್ರದಕ್ಷಿಣೆಯ ಅರ್ಥವನ್ನು ವಿಚಾರಿಸೋಣ. ಪೂಜ್ಯವಾದುದನ್ನು ಬಲಗಡೆಗೆ ಇರಿಸಿಕೊಂಡು ನಡೆಯುವುದೇ ಪ್ರದಕ್ಷಿಣೆ. ಮನುಷ್ಯನು ಹುಟ್ಟಿದಂದಿನಿಂದ ತಾನೇ ನಡುವೆ ನಿಂತು ಹೆಂಡಿರು, ಮಕ್ಕಳು, ಹೊಲ, ಮನೆ, ನೆರೆಹೊರೆಯೆಲ್ಲವನ್ನೂ ತನ್ನ ಸುತ್ತ ತಿರುಗಿಸಿಕೊಳ್ಳುವನು. ಪ್ರದಕ್ಷಿಣೆಯಲ್ಲಿ ಅವನು ನಡುವಣ ಸ್ಥಾನವನ್ನು ಬಿಟ್ಟುಕೊಟ್ಟು ಅಂಚಿಗೆ ಸರಿಯುತ್ತಾನೆ. ಇದೇ ಅದರ ನೀತಿ. ಲಿಂಗಧಾರಿಗೆ ಇದರಲ್ಲಿ ಒಂದು ವಿಶೇಷವುಂಟು. ಅವನು ಬೆಟ್ಟವನ್ನು ಸುತ್ತುವಾಗ ಲಿಂಗವೂ ಅವನೊಡನೆ ಸುತ್ತುವುದು. ದೇವರನ್ನು ಹುಡುಕಲು ಅವನು ಹೊರಟವನಲ್ಲ, ದೇವರೊಡನೆ ಹೊರಟವನು. ಹಾಗೆ ಹೊರಟವನಿಗೆ ದಾರಿಯಲ್ಲಿ ಕಾಣಬೇಕಾದುದು ಬೆಟ್ಟದ ಕಲ್ಲಲ್ಲ, ದಾರಿಯ ಜನ. ಬಾಯಾರಿದವನಿಗೆ ಮಜ್ಜಿಗೆ ಕೊಡುವ ಕೈಯಲ್ಲಿ ದಾಸೋಹವಿದೆ. ಸುಸ್ತಾಗಿ ಕುಳಿತ ಅಪರಿಚಿತೆಯನ್ನು ಎಬ್ಬಿಸಿ ಕೈಹಿಡಿದು ನಡೆಸುವವನಲ್ಲಿ ಜಂಗಮಸೇವೆಯಿದೆ. ಆ ಪಂಕ್ತಿಯಲ್ಲಿ ಜಾತಿಯನ್ನು ಕೇಳಿ ನೀರು ಕೊಡುವವನಿದ್ದರೆ, ಅವನು ಬೆಟ್ಟವನ್ನು ನೂರು ಬಾರಿ ಸುತ್ತಿದರೂ ಹೊರಟ ಎಡೆಯಿಂದ ಒಂದು ಹೆಜ್ಜೆಯೂ ಮುಂದೆ ಹೋದವನಲ್ಲ.

ಇದೇ ನಂದಿಗಿರಿಯ ಮಗ್ಗುಲಲ್ಲಿ ಅರ್ಕಾವತಿಯು ಹುಟ್ಟಿ ದೊಡ್ಡಬಳ್ಳಾಪುರದ ಕಡೆಗೆ ಹರಿಯುತ್ತಿತ್ತು. ಆಕೆಯ ನೀರು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಹೆಸರಘಟ್ಟದಿಂದಲೂ, 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿನ ದಾಹವನ್ನು ತಣಿಸಿತು. ಈಗ ಆ ಹಳ್ಳವು ವರ್ಷದ ಬಹುಭಾಗ ಒಣಗಿ ಬಿದ್ದಿದೆ. ನದಿಯು ಹುಟ್ಟುವ ಬೆಟ್ಟವನ್ನು ಸುತ್ತಿ, ಬತ್ತಿದ ಹಳ್ಳವನ್ನು ನೋಡದೆ, ನೀರು ಕುಡಿದ ಪ್ಲಾಸ್ಟಿಕ್ ಸೀಸೆಯನ್ನು ಅದರಲ್ಲಿಯೇ ಎಸೆದುಬರುವವನು ಏನನ್ನು ಬಲಗಡೆಗೆ ಇರಿಸಿಕೊಂಡನು? ಕೆರೆ ಕಟ್ಟಿಸಿದ ಸಿದ್ಧರಾಮನನ್ನು ನೆನೆಯುವವರು ಇದನ್ನು ಆಲೋಚಿಸಬೇಕು.

ಕಾಯಕದ ಮಾತನ್ನೂ ಹೇಳದೆ ಬಿಡಲಾಗದು. ಆಷಾಢದ ಸೋಮವಾರವು ನಮ್ಮ ಬಯಲುಸೀಮೆಯಲ್ಲಿ ರಾಗಿಯ ಬಿತ್ತನೆಯ ಕಾಲಕ್ಕೆ ಬರುವುದು. ಹದವಾದ ಮಳೆ ಬಿದ್ದ ದಿನ ಕೂರಿಗೆಯನ್ನು ಮೂಲೆಗಿಟ್ಟು ಬೆಟ್ಟ ಸುತ್ತಲು ಹೊರಟವನು ಶರಣಮಾರ್ಗವನ್ನು ತಿಳಿದವನಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆಯನ್ನು ನೆರೆಯವರಿಗೆ ಒಪ್ಪಿಸಿ ಹೊರಟವನೂ ಅಂತಹವನೇ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಿದ ಕಥೆಯು ಪ್ರಸಿದ್ಧವಾಗಿದೆ. ಅಕ್ಕಿಯಲ್ಲಿ ಆಸೆಯು ದೋಷವಾದರೆ ಪುಣ್ಯದಲ್ಲಿಯೂ ಆಸೆಯು ದೋಷವೇ. ಮೂರು ಸುತ್ತು ಹಾಕಿದೆನೆಂದು ಒಂದು ಸುತ್ತು ಹಾಕಿದವನ ಮುಂದೆ ಬೀಗುವವನು ಲಕ್ಕಮ್ಮನ ಮನೆಯ ಹೆಚ್ಚಿನ ಅಕ್ಕಿಯನ್ನು ನೆನೆಯಲಿ.

ಹೀಗೆ ವಿಚಾರಿಸಿದಲ್ಲಿ ನಿರ್ಣಯವು ಇಷ್ಟು. ಗಿರಿಪ್ರದಕ್ಷಿಣೆಯು ಲಿಂಗಾಂಗಿಗೆ ವಿಧಿಯಲ್ಲ. ಹೋಗದವನಿಗೆ ಕೊರತೆಯಿಲ್ಲ, ಹೋದವನಿಗೆ ಅದರಿಂದಲೇ ಮುಕ್ತಿಯಿಲ್ಲ. ಇದನ್ನು ಮೃದುಗೊಳಿಸಿ ಹೇಳುವುದು ಶರಣರಿಗೆ ಅಪಚಾರ. ಆದರೆ ಅದು ನಿಷೇಧವೂ ಅಲ್ಲ. ಫಲವನ್ನೆಣಿಸದೆ, ಕಾಯಕವನ್ನು ಬಿಡದೆ, ಜೊತೆಗಾರರಲ್ಲಿ ಭೇದವೆಣಿಸದೆ ನಡೆಯುವವನಿಗೆ ಆ ನಡಿಗೆಯು ಅಹಂಕಾರವನ್ನು ಸವೆಸುವ ಸಾಧನವಾಗಬಲ್ಲುದು.

ತಾಯಿಮಕ್ಕಳ ಮಾತಿಗೆ ಬರುವುದಾದರೆ, ಮಗನ ಮಾತು ಸತ್ಯ. ಅವನ ನಡೆಯು ಸತ್ಯವಲ್ಲ. ಶರಣರ ಮಾತನ್ನು ತಾಯಿಯ ಬಾಯಿ ಮುಚ್ಚಿಸಲು ಬಳಸಿದವನು, ತಾನು ಓದಿದುದರ ಸುತ್ತ ತಾನೇ ಪ್ರದಕ್ಷಿಣೆ ಹಾಕುತ್ತಿದ್ದಾನೆ. ಅವನು ತಾಯಿಗೆ ನಿಧಾನವಾಗಿ ತನ್ನ ಅರಿವನ್ನು ಹೇಳಲಿ. ಆಕೆ ಒಪ್ಪಿದರೆ ಮನೆಯಲ್ಲಿ ಇಬ್ಬರೂ ಕುಳಿತು ಲಿಂಗಪೂಜೆ ಮಾಡಲಿ. ಒಪ್ಪದಿದ್ದರೆ ಆ ಸೋಮವಾರ ಬೆಳಿಗ್ಗೆ ಆಕೆಯ ಕೈಚೀಲವನ್ನು ತಾನು ಹೊತ್ತುಕೊಂಡು, ಆಕೆಯ ಹೆಜ್ಜೆಗೆ ಹೆಜ್ಜೆಯಿಟ್ಟು ಹದಿನೈದು ಕಿಲೋಮೀಟರು ನಡೆಯಲಿ. ಬೆಟ್ಟವನ್ನು ಸುತ್ತಿದುದರಿಂದ ಅವನಿಗೆ ಏನು ದೊರೆಯುವುದೋ ಬಿಡಲಿ, ತಾಯಿಯನ್ನು ಬಲಗಡೆಗೆ ಇರಿಸಿಕೊಂಡು ನಡೆದುದು ವ್ಯರ್ಥವಾಗದು.